ಮೇಷ್ಟರ ಒಂದೇ ಕ್ರಿಯಾಪದ

ನಮ್ಮ ಪಕ್ಕದ ಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟರು ಹನ್ನೊಂದು ವರ್ಷದಿಂದ ‘ಟೇಕ್’ ಎಂಬ ಒಂದೇ ಕ್ರಿಯಾಪದದ ಬೆನ್ನು ಹತ್ತಿದ್ದಾರೆ; ಉಳಿದ ಕ್ರಿಯಾಪದಗಳು ಸದ್ಯಕ್ಕೆ ಬಚಾವಾಗಿವೆ. ಅವರ ಕೈಗೆ ಸಿಕ್ಕವರು ಆ ಪದದ ಹುಟ್ಟಿನ ಕಥೆ ಕೇಳದೆ ಮೆಟ್ಟಿಲಿಳಿಯುವಂತಿಲ್ಲ. “ಅದು ಇಂಗ್ಲಿಷರದ್ದೇ ಅಲ್ಲ ರೀ, ದೋಣಿಯಲ್ಲಿ ಬಂದ ಕಡಲುಗಳ್ಳರು ಕೊಟ್ಟು ಹೋಗಿದ್ದು!” ಎಂದು ಗ್ಯಾಸ್ ತಂದವನಿಗೂ ಹೇಳುತ್ತಾರೆ, ಅವನು ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ಹೂಂಗುಟ್ಟುತ್ತಾನೆ. ಹೆಂಡತಿ “ಮಾತ್ರೆ ತಗೊಂಡ್ರಾ?” ಎಂದರೆ “ಅದು ನಲವತ್ತೆರಡನೇ ಅರ್ಥ” ಎಂಬ ಉತ್ತರ. “ನಲವತ್ತೆರಡೋ ನೂರೋ, ಮೊದ್ಲು ನುಂಗಿ” ಎಂದು ಆಕೆ ನೀರಿನ ಲೋಟ ಕುಕ್ಕುತ್ತಾರೆ. ಈ ಮಹಾಪಂಡಿತರು ಹೆಂಡತಿಗೆ ‘ಅಡುಗೆ ಚೆನ್ನಾಗಿದೆ’ ಎಂದದ್ದನ್ನು ಆ ಮನೆಯ ಗೋಡೆಗಳೂ ಕೇಳಿಲ್ಲ. ಮೊನ್ನೆ ಅವರ ಮನೆಗೆ ಹೋದಾಗ, ಆ ಪದದ ಅರ್ಥಗಳನ್ನೆಲ್ಲ ಬರೆದಿಟ್ಟ ಅವರ ದಪ್ಪ ನೋಟ್‌ಬುಕ್ ನನ್ನ ಕೈಗೆ ಬಂತು. ಅರ್ಥಕ್ಕೊಂದು ಉದಾಹರಣೆ, ಎಲ್ಲ ಇಂಗ್ಲಿಷಿನಲ್ಲಿ. ಪ್ರತಿ ವಾಕ್ಯದಲ್ಲೂ ಹೆಂಡತಿಯೇ. ‘ಟೇಕ್ ಕೇರ್’ ಎಂಬಲ್ಲಿ ಮೇಷ್ಟರು ಬರೆದದ್ದು: ಜ್ವರ ಬಂದಾಗ ಅವಳು ನನ್ನನ್ನು ನೋಡಿಕೊಂಡಳು. ನನ್ನ ಸಿಡುಕನ್ನೆಲ್ಲ ಸಹಿಸಿಕೊಂಡಳು. ಅವಳ ಮೊದಲ ಫೋಟೋ ತೆಗೆಯಲು ನಾನು ಇಡೀ ರೀಲು ಮುಗಿಸಿದೆ. ಇಂಗ್ಲಿಷ್ ಬಾರದಿದ್ದರೂ ದಿನವೂ ಆ ನೋಟ್‌ಬುಕ್ಕಿನ ಧೂಳು ಒರೆಸುವ ಆಕೆ, “ಅದ್ರಲ್ಲಿ ಅಂಥಾದ್ದೇನು ಬರ್ದಿದಾರಪ್ಪಾ?” ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟರು ಅದನ್ನು ಕಿತ್ತುಕೊಂಡು ಮುಚ್ಚಿದರು: “ಏನೂ ಇಲ್ಲ, ಬರೀ ವ್ಯಾಕರಣ.”