ಬಿಳಿ ಗೆರೆಗಳ ಟ್ರಕ್ಕಿನಲ್ಲಿ ಘೋಡ್ ನದಿಗೆ

ವಿಜಯಪುರದಿಂದ ಎಂಟು ತಾಸು ಕುಲುಕಾಡಿ ಪುಣೆಯಲ್ಲಿ ಇಳಿದಾಗ ನನ್ನ ಸೊಂಟ ನನ್ನ ಮಾತು ಕೇಳುತ್ತಿರಲಿಲ್ಲ. ಯೆರವಡಾಕ್ಕೆ ಆಟೋದವನು ನೂರೈವತ್ತು ಕೇಳಿದ. ನನ್ನ ಮರಾಠಿ ಕೇಳಿ ನಕ್ಕು ನೂರಿಪ್ಪತ್ತಕ್ಕೆ ಬಂದ.

ಗಂಗಕ್ಕನ ಮನೆಯೆಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆ. ಗುಜರಿಯಿಂದ ತಂದ ಹಳೆಯ ಮಿಲಿಟರಿ ಟ್ರಕ್ಕೊಂದನ್ನು ಭಾವ ಶಂಕರಪ್ಪನವರು ಅಲ್ಲಿ ಎರಡು ವರ್ಷದಿಂದ ಕಟ್ಟುತ್ತಿದ್ದರು. ದಾರಿಯೇ ಇಲ್ಲದಲ್ಲಿ, ಕಲ್ಲು ಹೊಳೆಗಳಲ್ಲಿ ಓಡುವ ಗಾಡಿ. ಅದರ ಮೊದಲ ಪ್ರಯಾಣಕ್ಕೆಂದೇ ನನ್ನನ್ನು ಕರೆಸಿದ್ದರು.

ಭಾವನವರದೊಂದು ಪದ್ಧತಿ. ನಟ್ಟು ಬಿಗಿದ ಮೇಲೆ ನಟ್ಟಿನಿಂದ ಬೋಲ್ಟಿನವರೆಗೆ ಒಂದು ಬಿಳಿ ಗೆರೆ ಎಳೆಯಬೇಕು. ನಟ್ಟು ಸಡಿಲಾದರೆ ಗೆರೆ ಮುರಿದು ಕಾಣುತ್ತದೆ. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಸೋತ ಮೇಲೆ ಅವರು ಎಡಗೈಯಲ್ಲಿ ಬಿಗಿಯುತ್ತಾರೆ, ಗೆರೆ ಎಳೆಯುವವಳು ಅಕ್ಕ. ರಂಗೋಲಿ ಹಾಕುವ ಬೆರಳು, ಕೂದಲೆಳೆಯಷ್ಟು ಸಪೂರ ಗೆರೆ.

"ನಾಳೆ ಶಿರೂರಿನ ಹೊಳ್ಯಾಗ ಇಳಸೂಣು," ಎಂದರು ಭಾವ. "ಒಂದ ಗೆರಿ ಮುರದ್ರೂ ಈ ಕೈ ಕೆಲಸಕ್ಕ ಬರೂದಿಲ್ಲಂತ ತಿಳೀತೇನಿ. ಶೆಡ್ಡಿಗೆ ಹಾಕಾಕ ಹೊಸಾ ಕೀಲಿನೂ ತಂದೇನಿ." ಮೊಳೆಗೆ ನೇತುಹಾಕಿದ್ದ ಹಿತ್ತಾಳೆಯ ಬೀಗ ತೋರಿಸಿದರು.

"ಹಂಗ್ಯಾಕ ಅಂತೀರಿ," ಎಂದಳು ಅಕ್ಕ. ಅವಳ ಕಣ್ಣು ತುಂಬಿತ್ತು.

ಹಿಂದಿನ ಎಡಗಾಲಿಯ ಹತ್ತಿರ ನಾಲ್ಕು ನಟ್ಟುಗಳಲ್ಲಿ ಮೂರನ್ನು ಬಿಗಿದು ಭಾವ ಗುಳಿಗೆ ನುಂಗಲು ಒಳಗೆ ಹೋದರು. ಸುಮ್ಮನಿರಲಾರದ ಸ್ವಭಾವ ನನ್ನದು. ನಟ್ಟು ಬಿಗಿಯುವ ಪಾನಾ ಹಿಡಿದು ನಾಲ್ಕನೆಯದನ್ನು ತಿರುವಿದೆ. ಅರ್ಧಕ್ಕೆ "ಚಹಾ ಆರತೈತೋ" ಎಂದು ಅಕ್ಕ ಕೂಗಿದಳು. ಎದ್ದುಹೋದೆ. ಪಾನಾ ಕೆಳಗಿದ್ದದ್ದು ಕಂಡು, ಕೆಲಸ ಮುಗಿಯಿತೆಂದು ಅಕ್ಕ ನಾಲ್ಕಕ್ಕೂ ಗೆರೆ ಎಳೆದುಬಿಟ್ಟಳು. "ನಾಲ್ಕನೇದು ಬಿಗಿದಿದ್ನೇನು?" ಎಂದು ಮರಳಿ ಬಂದ ಭಾವ ತಮ್ಮಷ್ಟಕ್ಕೇ ಗೊಣಗಿದರು. "ಗೆರಿ ಐತೆಲ್ಲ, ಬಿಗಿದಿರಬೇಕು." ನನ್ನ ಬಾಯಿತುಂಬ ಚುರಮುರಿ ಚಿವಡಾ. ಮಾತು ಅದರ ಜೊತೆಗೇ ಒಳಗೆ ಹೋಯಿತು.

ಬೆಳಗ್ಗೆ ಆರಕ್ಕೆ ಹೊರಟೆವು. ಶಿರೂರು ಅರವತ್ತು ಕಿಲೋಮೀಟರು ಚಿಲ್ಲರೆ. ನಲವತ್ತಕ್ಕಿಂತ ಜೋರು ಹೋಗಲಿಲ್ಲ. ಸ್ಟೇರಿಂಗಿಗೆ ಭಾವ ಹಿತ್ತಾಳೆಯ ಗುಂಡೊಂದನ್ನು ಕೂರಿಸಿದ್ದರು, ಎಡಗೈ ಒಂದೇ ಸಾಕು. ಗೇರು ಅಕ್ಕನ ಪಾಲು. "ಹಾಕು" ಅಂದರೆ ಹಾಕುವಳು. ಮಂಜಿನಲ್ಲಿ ಟ್ರಕ್ಕು ಓಡುತ್ತಿತ್ತೋ ತೇಲುತ್ತಿತ್ತೋ ತಿಳಿಯದು. ಕಬ್ಬಿನ ಗದ್ದೆಗಳು ಬಂದು ಬಂದು ಹೋದವು. ಅಕ್ಕನ ಮಡಿಲಿನ ರೊಟ್ಟಿ, ಶೇಂಗಾ ಹಿಂಡಿಯ ವಾಸನೆಯಲ್ಲಿ ನಾನು ಅರ್ಧ ನಿದ್ದೆಗೆ ಇಳಿದೆ. ಇದು ಎಂದೂ ಮುಗಿಯಬಾರದು ಅನ್ನಿಸಿತು.

ಘೋಡ್ ನದಿಯಲ್ಲಿ ಮೊಣಕಾಲುದ್ದ ನೀರು. ಟ್ರಕ್ಕು ಎಮ್ಮೆಯ ಹಾಗೆ ಅವಸರವಿಲ್ಲದೆ ಇಳಿಯಿತು, ಗುಂಡುಗಲ್ಲುಗಳನ್ನು ಹತ್ತಿತು, ವಾಲಿತು, ಮತ್ತೆ ನೆಟ್ಟಗಾಯಿತು. ಬಿಸಿಲು ನೀರಿನಿಂದ ಎದ್ದು ನಮ್ಮ ಮುಖದ ಮೇಲೆ ಆಡುತ್ತಿತ್ತು. ಆಚೆ ದಂಡೆ ಏರಿದಾಗ ಭಾವ ಚಿಕ್ಕ ಹುಡುಗನಂತೆ ಕೇಕೆ ಹಾಕಿದರು.

ಆಮೇಲೆ ಗೋಣಿ ಹಾಸಿ ಟ್ರಕ್ಕಿನ ಅಡಿಗೆ ನುಸುಳಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಉಸುಕಿನಲ್ಲಿ ಕೂತು ತಮ್ಮ ಕೈ ನೋಡಿಕೊಂಡರು.

"ಹಿಂದಿನ ಎಡಗಾಲಿದು, ನಾಲ್ಕನೇ ಗೆರಿ ಮುರದೈತಿ. ಮುಗೀತು ಗಂಗಾ."

ನಾನು ಓಡಿಹೋಗಿ ಅವರ ಎದುರು ಕೂತೆ.

"ಭಾವಾ, ಅದು ನಂದ್ರೀ! ನಾನ ಅರ್ಧಾ ತಿರುವಿ ಚಹಾಕ್ಕ ಹೋದೆ. ನೀವು ಅದನ್ನ ಮುಟ್ಟೇ ಇಲ್ರಿ."

"ಎಲಾ ಮಂಗ್ಯಾ!" ಎಂದು ಅಕ್ಕ ಎದ್ದಳು, ರೊಟ್ಟಿಯ ಗಂಟು ನನ್ನ ಬೆನ್ನಿಗೆ ಬಿತ್ತು.

ಭಾವ ಮತ್ತೆ ಗಾಡಿಯ ಅಡಿಗೆ ಹೋದರು. ಈ ಸಲ ಅಲ್ಲಿಂದ ನಗು ಕೇಳಿಸಿತು. "ಉಳದದ್ದೆಲ್ಲಾ ನಂದು. ಒಂದೂ ಅಲ್ಲಾಡಿಲ್ಲ!" ನಟ್ಟು ಬಿಗಿದು ಬಣ್ಣ ಕೇಳಿದರು. ಅಕ್ಕ ಕುಂಚ ಅದ್ದುತ್ತಿದ್ದಂತೆ, "ಇದೊಂದು ನಾನ ಎಳೀತೇನಿ" ಎಂದು ಬಲಗೈ ಚಾಚಿದರು.

ಮನೆಗೆ ಮರಳಿದ ಮೇಲೆ ನಾನೇ ಅಡಿಯಲ್ಲಿ ಮಲಗಿ ನೋಡಿದೆ. ಮೂರು ನೆಟ್ಟಗಿನ ಗೆರೆ, ಒಂದು ಇರುವೆ ನಡೆದ ಹಾಗೆ ಸೊಟ್ಟ. ನಾಲ್ಕೂ ಇಡಿಯಾಗಿದ್ದವು.

ಊರಿಗೆ ಹೊರಟಾಗ ಭಾವ ಮೊಳೆಯಿಂದ ಆ ಬೀಗ ತೆಗೆದು ನನ್ನ ಕೈಗಿಟ್ಟರು. "ತಮ್ಮಾ, ನಮಗಿದು ಬ್ಯಾಡ. ನಿನ್ನ ಪೆಟ್ಟಿಗಿಗೆ ಹಾಕ್ಕೊ."