ಮಗುಚಿಟ್ಟ ಸುಣ್ಣದ ಕಲ್ಲುಗಳು

ಇಪ್ಪತ್ತಾರು ವರ್ಷ ಸೇನೆಯಲ್ಲಿದ್ದರೂ ಆತ ಶತ್ರುವಿನ ಕಡೆಗೆ ಒಂದು ಗುಂಡೂ ಹಾರಿಸಿದವನಲ್ಲ. ಅವನ ಕೆಲಸ ಬಲೆ ಕಟ್ಟುವುದು. ಮೀನಿನ ಬಲೆಯಲ್ಲ. ಕಾಡಿನಲ್ಲಿ ಹೂಡಿದ ಬಿಡಾರ ಮೇಲೆ ಹಾರುವವರ ಕಣ್ಣಿಗೆ ಬೀಳಬಾರದೆಂದು ಅದರ ಮೇಲೆ ಹೊದಿಸುತ್ತಾರಲ್ಲ, ಹಸಿರು, ಕಂದು ಬಟ್ಟೆಪಟ್ಟಿಗಳನ್ನು ಸಿಕ್ಕಿಸಿದ ದೊಡ್ಡ ಬಲೆ, ಅದು. ತುಕಡಿಯಲ್ಲಿ ಎಲ್ಲರೂ ಅವನನ್ನು ಜೇಡ ಅನ್ನುತ್ತಿದ್ದರು. ಕಿರಿಯರು ಮರ್ಯಾದೆಗೆ ಜೇಡಣ್ಣ ಅನ್ನುತ್ತಿದ್ದರು. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಅವನೇ ಅತ್ತಿತ್ತ ನೋಡಿ ಯಾರಪ್ಪಾ ಅದು ಅಂತ ಹುಡುಕುತ್ತಿದ್ದ.

ಬಲೆ ಹೊದಿಸುವುದರಲ್ಲಿ ಏನು ಮಹಾ ವಿದ್ಯೆ ಎಂದು ನಮ್ಮಂಥವರಿಗೆ ಅನ್ನಿಸುತ್ತದೆ. ಜೇಡನ ಮುಂದೆ ಹಾಗಂದವರು ಒಂದು ಗಂಟೆ ಕೂತು ಕೇಳಬೇಕಾಗುತ್ತಿತ್ತು. ಕಾಡಿನಲ್ಲಿ ಯಾವುದೂ ನೆಟ್ಟಗಿರುವುದಿಲ್ಲ. ಡೇರೆಯ ಅಂಚು ನೆಟ್ಟಗಿರುತ್ತದೆ, ಅದೇ ಮೊದಲು ಕಾಣುವುದು. ಅದಕ್ಕೇ ಬಲೆಯ ನಡುವೆ ಪಟ್ಟಿ ದಟ್ಟವಾಗಿರಬೇಕು, ಅಂಚಿಗೆ ಬರಬರುತ್ತಾ ತೆಳ್ಳಗಾಗಬೇಕು, ನೆಲದ ಹತ್ತಿರ ಇದ್ದೂ ಇಲ್ಲದ ಹಾಗೆ ಮುಗಿದುಹೋಗಬೇಕು. ಹಸಿ ಕೊಂಬೆ ಕಡಿದು ಸಿಕ್ಕಿಸುವವನು ಅವನ ಲೆಕ್ಕದಲ್ಲಿ ಮನುಷ್ಯನೇ ಅಲ್ಲ. ಮೂರನೇ ದಿನ ಆ ಸೊಪ್ಪು ಬಾಡಿ ಹಸಿರು ಕಾಡಿನ ನಡುವೆ ಕಂದು ತೇಪೆಯಾಗುತ್ತದೆ. ಶತ್ರುವಿಗೆ ಪತ್ರ ಬರೆದು ಕರೆದ ಹಾಗೆ.

ಈ ವಿದ್ಯೆ ಮನೆಗೂ ಬಂದಿತ್ತು. ಅಂಗಳದ ತಂತಿಯ ಮೇಲೆ ಹೆಂಡತಿ ಬಿಳಿ ಪಂಚೆ ಒಣಗಹಾಕಿದರೆ ಅದನ್ನು ಮಾಸಲು ಸೀರೆಯ ಹಿಂದಕ್ಕೆ ಸರಿಸುತ್ತಿದ್ದ. "ಪಂಚೆ ಮೇಲೆ ಬಾಂಬು ಹಾಕ್ತಾರೇನ್ರೀ? ಹಾಕಿದ್ರೆ ಹಾಕ್ಲಿ, ಕಲೆನಾದ್ರೂ ಹೋಗುತ್ತೆ," ಎಂದು ಆಕೆ ಮತ್ತೆ ಮುಂದಕ್ಕೆಳೆಯುತ್ತಿದ್ದಳು.

ಮನೆಯೆಂದರೆ ಸೇನೆ ಕೊಟ್ಟ ಎರಡು ಕೋಣೆಯ ಕ್ವಾರ್ಟರ್ಸು. ಹಿಂದಿನ ಕಿಟಕಿ ತೆಗೆದರೆ ಕಾಂಪೌಂಡಿನ ಆಚೆ ಆಸ್ಪತ್ರೆ. ಅದಕ್ಕೆ ಅಂಟಿಕೊಂಡೇ ನರ್ಸಿಂಗ್ ಶಾಲೆ. ಮಗಳು ಅಲ್ಲಿ ಮೊದಲನೇ ವರ್ಷ ಮುಗಿಸಿದ್ದಳು, ಇನ್ನೆರಡು ವರ್ಷವಿತ್ತು. ಶಾಲೆಗೆ ಹಾಸ್ಟೆಲ್ ಇರಲಿಲ್ಲ. ಆ ವರ್ಷದ ಕೊನೆಗೆ ಜೇಡನ ಸೇವೆ ಮುಗಿಯುತ್ತಿತ್ತು. ಸೇವೆ ಮುಗಿದರೆ ಕ್ವಾರ್ಟರ್ಸು ಬಿಡಬೇಕು. ಬಿಟ್ಟರೆ ರೈಲಿನಲ್ಲಿ ಒಂದು ಹಗಲಿನ ದೂರದಲ್ಲಿರುವ ಅವನ ಅಣ್ಣನ ಮನೆಯ ಮಹಡಿ ಕೋಣೆಯೇ ಗತಿ. ಆ ಊರಿನಲ್ಲಿ ನರ್ಸಿಂಗ್ ಶಾಲೆ ಇಲ್ಲ. ಎರಡು ವರ್ಷದ ವಿಸ್ತರಣೆಯೊಂದು ಸಿಕ್ಕಿಬಿಟ್ಟರೆ ಎಲ್ಲವೂ ಸರಿಹೋಗುತ್ತಿತ್ತು. ಅರ್ಜಿಯ ಜೊತೆ ಬೇಕಾದದ್ದು ಒಂದೇ: ಆ ವರ್ಷದ ಕಾಡಿನ ತಾಲೀಮಿನ ವರದಿಯಲ್ಲಿ ಅವನ ಕೆಲಸದ ಬಗ್ಗೆ ನಾಲ್ಕು ಸಾಲು.

ತಾಲೀಮೆಂದರೆ ದೊಡ್ಡವರ ಕಣ್ಣಾಮುಚ್ಚಾಲೆ. ಏಳು ತುಕಡಿಗಳು ಕಾಡಿನೊಳಗೆ ಬಿಡಾರ ಹೂಡಿ ಅಡಗಿಕೊಳ್ಳುತ್ತವೆ. ಮೇಲಧಿಕಾರಿಗಳ ವಿಮಾನವೊಂದು ಮೂರು ದಿನ ಮೇಲೆ ಸುತ್ತುತ್ತಾ ಚಿತ್ರ ತೆಗೆದು ಯಾರು ಎಲ್ಲಿದ್ದಾರೆಂದು ಪತ್ತೆ ಹಚ್ಚುತ್ತದೆ.

ಜೇಡನ ತುಕಡಿಯ ಕಮಾಂಡರ್ ಸಾಹೇಬರು ಮೀಸೆಗೂ ಬೂಟಿಗೂ ಒಂದೇ ಹೊಳಪು ಕಾಯ್ದುಕೊಂಡಿದ್ದ ಮನುಷ್ಯ. ಅಡಗುವುದರಲ್ಲೂ ಒಂದು ಗತ್ತಿರಬೇಕು ಎನ್ನುವವರು. ಅವರ ಡೇರೆಗೆ ಹೋಗುವ ಹಾದಿಯ ಎರಡೂ ಬದಿಗೆ ಸುಣ್ಣ ಬಳಿದ ಕಲ್ಲುಗಳ ಸಾಲು ಇರಲೇಬೇಕು. ಊರಿನ ಕಚೇರಿಯ ಮುಂದೆ ಹಾಗೇ ಇತ್ತು, ಕಾಡಿನಲ್ಲೂ ಹಾಗೇ ಆಗಬೇಕೆಂದು ನಲವತ್ತೆರಡು ಕಲ್ಲುಗಳನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದಿದ್ದರು. ಜೇಡ ಕೈಕಟ್ಟಿ ನಿಂತು, ಸಾರ್, ಮೇಲಿಂದ ನೋಡಿದರೆ ಇದು ಹಲ್ಲಿನ ಸಾಲಿನ ಹಾಗೆ ಕಾಣುತ್ತದೆ ಎಂದ. ಬಲೆ ಇರುವುದು ಯಾತಕ್ಕೆ, ಮುಚ್ಚು ಎಂದರು ಸಾಹೇಬರು. ಹಾದಿಯ ಉದ್ದಕ್ಕೂ ಮುಚ್ಚಲು ಬಲೆಯೇನು ಆಕಾಶದಿಂದ ಇಳಿಯುತ್ತದೆಯೇ? ಜೇಡ ಸಲ್ಯೂಟ್ ಹೊಡೆದು ಬಂದ. ಮುಂಜಾನೆ ಸಾಹೇಬರು ಏಳುವ ಮೊದಲು, ಅಡುಗೆಯವನನ್ನು ಜೊತೆಗೆ ಕರೆದುಕೊಂಡು, ಒಂದೊಂದೇ ಕಲ್ಲನ್ನು ಮಗುಚಿಟ್ಟ. ಸುಣ್ಣದ ಮೈ ಕೆಳಗೆ, ಮಣ್ಣಿನ ಮೈ ಮೇಲೆ.

ಸಾಲು ಕೆಟ್ಟಿರಲಿಲ್ಲವಾದ್ದರಿಂದ ಸಾಹೇಬರು ಬೇಕಾದಷ್ಟು ಕೂಗಾಡಿ ಸುಮ್ಮನಾದರು. ಒಂದು ಕಲ್ಲನ್ನು ಮಾತ್ರ ತಾಲೀಮಿನ ಕೊನೆಯ ದಿನ ತಾವೇ ಬಗ್ಗಿ ಬಿಳಿ ಮೈ ಮೇಲೆ ಬರುವಂತೆ ತಿರುಗಿಸಿಕೊಂಡರು. ಹಿಂದಿನ ರಾತ್ರಿ ಕತ್ತಲಲ್ಲಿ ಹೊರಗೆ ಹೋಗಿ ಬರುವಾಗ ತಮ್ಮ ಡೇರೆಯ ಬಾಗಿಲು ತಮಗೇ ಸಿಗದೆ ಅವರು ಅಡುಗೆಯವನ ಡೇರೆಗೆ ನುಗ್ಗಿ ಪಾತ್ರೆ ಉರುಳಿಸಿದ್ದರಂತೆ. ಕಲ್ಲು ತಿರುಗಿಸಿದ್ದನ್ನು ಆಗ ನೋಡಿದವನು ಅಡುಗೆಯವನೊಬ್ಬನೇ. ಜೇಡ ಆ ಹೊತ್ತಿಗೆ ಲಾರಿಗಳ ಗಾಜಿಗೆ ಗೋಣಿ ಹೊದಿಸುತ್ತಿದ್ದ.

ಮೂರು ದಿನ ವಿಮಾನ ಸುತ್ತಿತು. ಜೇಡ ನಿದ್ದೆಗೆಟ್ಟ. ನೆರಳು ಸರಿದಂತೆ ಬಲೆಗೆ ಊರಿದ ಗಳ ಸರಿಸಿದ, ಗಾಳಿಗೆ ಮಡಚಿದ ಪಟ್ಟಿ ಬಿಡಿಸಿದ, ಒಲೆಯ ಹೊಗೆ ಒಂದೇ ಕಡೆ ಏಳಬಾರದೆಂದು ಅಡುಗೆಯವನ ಜೊತೆ ಜಗಳವಾಡಿದ. ಯಾರೂ ಹುಲ್ಲು ತುಳಿದು ಹೊಸ ಕಾಲುದಾರಿ ಮಾಡಬಾರದೆಂದು ಮರದ ಬುಡದಿಂದ ಬುಡಕ್ಕೇ ಎಲ್ಲರನ್ನೂ ಕಳ್ಳರ ಹಾಗೆ ನಡೆಸಿದ. ಮೂರನೇ ದಿನ ಸಂಜೆ ವಿಮಾನ ಹಿಂದಿರುಗಿತು. ಆರು ಬಿಡಾರಗಳು ಸಿಕ್ಕಿಬಿದ್ದಿದ್ದವು. ಏಳನೆಯದು ಸಿಗಲೇ ಇಲ್ಲ.

ಆ ರಾತ್ರಿ ಅವನು ಊಟಕ್ಕೆ ಕೂತಾಗ ಇಡೀ ತುಕಡಿ ತಟ್ಟೆ ಬಡಿಯಿತು. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಸಿಕ್ಕ ಪದಕ ಅಂದರೆ ಆ ಸದ್ದೇ.

ಆರು ವಾರ ಕಳೆದು ವರದಿ ಬಂತು. ಜೇಡ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಚೇರಿಗೆ ಹೋದ. ಗುಮಾಸ್ತ ಒಳ್ಳೆಯವನೇ, ಕನ್ನಡಕ ಏರಿಸಿ ಪುಟ ತಿರುವಿದ. ಸಿಕ್ಕಿಬಿದ್ದ ಆರು ಬಿಡಾರಗಳಿಗೂ ಒಂದೊಂದು ಪುಟ, ಒಂದೊಂದು ಚಿತ್ರ, ಕೆಳಗೆ ಷರಾ. ಒಂದರಲ್ಲಿ ಕೊಂಬೆ ಬಾಡಿತ್ತು, ಆದರೂ ಸಿಬ್ಬಂದಿಯ ಪ್ರಯತ್ನ ಶ್ಲಾಘನೀಯ. ಇನ್ನೊಂದರಲ್ಲಿ ಬಲೆ ಮೇಜುಬಟ್ಟೆಯ ಹಾಗೆ ಚಪ್ಪಟೆ, ಅಲ್ಲಿಯ ಬಲೆಯವನಿಗೆ ಇನ್ನೆರಡು ವರ್ಷ ಅನುಭವ ಕೊಟ್ಟರೆ ಸುಧಾರಿಸಬಹುದು. ಏಳನೆಯದಕ್ಕೆ ಪುಟವಿರಲಿಲ್ಲ. ಪಟ್ಟಿಯ ತಳದಲ್ಲಿ ಒಂದು ಸಾಲು: ಏಳನೆಯ ಬಿಡಾರ, ವಿವರ ಲಭ್ಯವಿಲ್ಲ.

"ಸಿಗಲಿಲ್ಲ ಅಂದ್ರೆ ನಾವೇ ಗೆದ್ದ ಹಾಗಲ್ವಾ ಸ್ವಾಮಿ?" ಎಂದ ಜೇಡ.

"ಗೆದ್ದಿರಬಹುದಪ್ಪ. ಆದ್ರೆ ನಿನ್ನ ಅರ್ಜೀಲಿ ವರದಿಯ ಪುಟದ ಸಂಖ್ಯೆ ಬರೀಬೇಕು. ಯಾವ ಪುಟ ಅಂತ ಬರೀಲಿ?" ಎಂದ ಗುಮಾಸ್ತ. ಕಾಗದದ ಪ್ರಕಾರ ನೀನು ಕಾಡಿಗೆ ಹೋದದ್ದಕ್ಕೇ ಸಾಕ್ಷಿಯಿಲ್ಲ ಎಂದೂ ಸೇರಿಸಿದ. ಕೊನೆಗೆ ಪಾಪ ಅನ್ನಿಸಿರಬೇಕು, ವರದಿಯ ಜೊತೆ ಬಂದು ಯಾರಿಗೂ ಬೇಡವಾಗಿದ್ದ ಒಂದು ಚಿತ್ರ ತೆಗೆದುಕೊಟ್ಟ. ಜೇಡನಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು, ಅವರ ಬಿಡಾರವಿದ್ದ ಜಾಗದ ಮೇಲಿಂದಲೇ ತೆಗೆದದ್ದು. ಏನೂ ಕಾಣುವುದಿಲ್ಲವೆಂದು ಬದಿಗಿಟ್ಟಿದ್ದರು.

ಸಾಹೇಬರ ಹತ್ತಿರ ಹೋದರೆ ಅವರೇ ಗರಂ ಆಗಿದ್ದರು. ಆರು ಜನ ಕಮಾಂಡರುಗಳ ಹೆಸರು ಅಚ್ಚಾಗಿತ್ತು, ಅವರದಿಲ್ಲ. ಯಾರು ನಿನಗೆ ಇಷ್ಟೊಂದು ಮುಚ್ಚು ಅಂದವರು, ಎಲ್ಲದಕ್ಕೂ ಒಂದು ಮಿತಿ ಬೇಡವೇ, ಆ ಕಲ್ಲುಗಳನ್ನು ಹಾಗೇ ಬಿಟ್ಟಿದ್ದರೆ ಈ ಗತಿ ಬರುತ್ತಿತ್ತೇ ಎಂದು ಗದರಿದರು.

ಜೇಡ ಚಿತ್ರವನ್ನು ಮನೆಗೆ ತಂದು ಮೇಜಿನ ಮೇಲೆ ಹರಡಿದ. ಇಲ್ಲಿ ಅಡುಗೆಮನೆ, ಇಲ್ಲಿ ನಾಲ್ಕು ಲಾರಿ, ಇಲ್ಲಿ ಎಪ್ಪತ್ತು ಜನ ಎಂದು ಬೆರಳಿಟ್ಟು ತೋರಿಸಿದ. ಹೆಂಡತಿ ಬಗ್ಗಿ ನೋಡಿ, "ಬರೀ ಮರ ಕಣ್ರೀ," ಅಂದಳು. ಅವನ ಮುಖ ಒಂದು ಗಳಿಗೆ ಅರಳಿತು. ಆಮೇಲೆ ಅದೇ ಮಾತು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿತು.

ಮಗಳು ಮಾತ್ರ ಚಿತ್ರ ಬಿಡಲಿಲ್ಲ. ಸೂಜಿಗೆ ರಕ್ತನಾಳ ಹುಡುಕುವುದನ್ನು ಕಲಿಯುತ್ತಿದ್ದ ಕಣ್ಣು ಅದು. ಮೂಲೆಯಿಂದ ಮೂಲೆಗೆ ನೋಡಿ, "ಅಪ್ಪಾ, ಈ ಬಿಳಿ ಚುಕ್ಕೆ ಏನು?" ಅಂದಳು.

ಸಾಸಿವೆಯಷ್ಟು ಚುಕ್ಕೆ. ಸಾಹೇಬರ ಡೇರೆಯ ಬಾಗಿಲಿದ್ದ ಜಾಗ. ಜೇಡ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದ. ನಲವತ್ತೆರಡೂ ಎಣಿಸಿ ಮಗುಚಿದ್ದು ಕೈಗೆ ನೆನಪಿತ್ತು. ಅಡುಗೆಯವನನ್ನು ಹಿಡಿದು ಕೇಳಿದ. ಅವನು ನಕ್ಕೂ ನಕ್ಕೂ ಪಾತ್ರೆ ಉರುಳಿದ ಕಥೆ, ಸಾಹೇಬರು ಕಲ್ಲು ತಿರುಗಿಸಿಕೊಂಡ ಕಥೆ ಪೂರಾ ಹೇಳಿದ. ಎಲ್ಲ ಕೇಳಿದ ಮೇಲೂ ಜೇಡ ನಗಲಿಲ್ಲ. ಬೆಳಿಗ್ಗೆ ಎದ್ದವನೇ ಗುಮಾಸ್ತನ ಮುಂದೆ ಚಿತ್ರ ಹಿಡಿದ. ನೋಡಿ, ನಾವಿದ್ದೆವು, ಇದೇ ಸಾಕ್ಷಿ.

ಗುಮಾಸ್ತ ಭೂತಗನ್ನಡಿ ಇಟ್ಟು ನೋಡಿದ. ಹಾಗಾದರೆ ಬಿಡಾರ ಕಾಣುತ್ತಿತ್ತು ಅಂತಾಯಿತು, ಕೆಲಸದಲ್ಲಿ ದೋಷವಿತ್ತು ಅಂತಾಯಿತು ಎಂದ. ಆಮೇಲೆ ದನಿ ತಗ್ಗಿಸಿ ದಾರಿಯನ್ನೂ ಅವನೇ ಹೇಳಿಕೊಟ್ಟ. ದೋಷವಿದ್ದರೆ ಒಳ್ಳೆಯದೇ. ದೋಷವಿದ್ದವರಿಗೇ ಷರಾ ಬರುವುದು. ನನ್ನ ಅಜಾಗರೂಕತೆಯಿಂದ ಒಂದು ಕಲ್ಲು ಬಿಳಿಯಾಗಿ ಉಳಿಯಿತು, ಬಿಡಾರ ಕಂಡಿತು ಎಂದು ಬರೆದುಕೊಡು; ಸಾಹೇಬರು ರುಜು ಹಾಕಿದರೆ ಪುಟ ತಾನಾಗಿ ಹುಟ್ಟುತ್ತದೆ.

ಮಾಡದ ತಪ್ಪನ್ನು, ಅದೂ ಬಲೆಯ ವಿಷಯದಲ್ಲಿ, ಕೈಯಾರೆ ಬರೆದುಕೊಡುವುದು. ಜೇಡ ಎರಡು ದಿನ ಪೆನ್ನು ಮುಟ್ಟಲಿಲ್ಲ. ಹೆಂಡತಿ ಒತ್ತಾಯ ಮಾಡಲಿಲ್ಲ. ಅಟ್ಟದಿಂದ ಟ್ರಂಕು ಇಳಿಸಿ ಧೂಳು ಒರೆಸಿದಳು, ಅಷ್ಟೇ. ಹಿಂದಿನ ಕಿಟಕಿಯಿಂದ ಮಗಳು ಬಿಳಿ ಸಮವಸ್ತ್ರ ತೊಟ್ಟು ಶಾಲೆಗೆ ನಡೆದು ಹೋಗುವುದು ಕಾಣುತ್ತಿತ್ತು. ಮೂರನೇ ದಿನ ಜೇಡ ಬರೆದ.

ಅಷ್ಟರಲ್ಲಿ ಸಾಹೇಬರ ಹವಾಮಾನ ಬದಲಾಗಿತ್ತು. ಎಲ್ಲರಿಗಿಂತ ಮೇಲಿನ ಅಧಿಕಾರಿಯೊಬ್ಬರು ಊಟದ ಮೇಜಿನಲ್ಲಿ, ಆ ಏಳನೆಯವನು ಎಲ್ಲಯ್ಯಾ, ಭೂಮಿ ನುಂಗಿತೇನು ಎಂದು ನಕ್ಕರಂತೆ. ಅಂದಿನಿಂದ ಸಾಹೇಬರು ಕಾಣದ ಬಿಡಾರದ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ಪ್ರತಿ ಸಲವೂ ಒಂದೊಂದು ಗಳವನ್ನು ತಾವೇ ನೆಟ್ಟರು, ಒಂದೊಂದು ಪಟ್ಟಿಯನ್ನು ತಾವೇ ಕಟ್ಟಿದರು. ಕಲ್ಲುಗಳನ್ನು ಮಗುಚುವ ಉಪಾಯವೂ ಅವರಿಗೇ ಹೊಳೆದದ್ದಾಯಿತು. ನೆನಪಿಗೆಂದು ಒಂದು ಕಲ್ಲನ್ನು ಕಚೇರಿಗೆ ತರಿಸಿ, ಹೊಸದಾಗಿ ಸುಣ್ಣ ಹೊಡೆಸಿ, ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದರು.

ಜೇಡನ ಬರಹವನ್ನು ಅವರು ಎರಡು ಸಲ ಓದಿದರು. ಬಾಗಿಲು ಹಾಕು ಅಂದರು.

"ಏನಯ್ಯಾ ಇದು? ಬಿಡಾರ ಕಂಡಿತು ಅಂತ ನಾನು ರುಜು ಹಾಕಬೇಕಾ?"

"ತಪ್ಪು ನನ್ನದು ಅಂತಲೇ ಬರೆದಿದೀನಿ ಸಾರ್. ಆ ಕಲ್ಲು ನಾನೇ ಮರೆತದ್ದು."

ಆ ಕಲ್ಲನ್ನು ತಿರುಗಿಸಿದ್ದು ಯಾರೆಂದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಸಾಹೇಬರು ಮೀಸೆ ಸವರಿಕೊಂಡು ಕಿಟಕಿಯ ಕಡೆ ನೋಡಿದರು.

"ನಿನ್ನ ಕೆಲಸಕ್ಕೆ ನೀನೇ ಕಳಂಕ ಹಚ್ಕೋತೀಯಾ? ನಾನಿರುವಾಗ ಅದು ಆಗಲ್ಲ. ಇಲ್ಲಿಡು, ಯೋಚನೆ ಮಾಡ್ತೀನಿ."

ಕಾಗದ ಸುಣ್ಣದ ಕಲ್ಲಿನ ಕೆಳಗೆ ಹೋಯಿತು.

ಯೋಚನೆ ಐದು ವಾರ ನಡೆಯಿತು. ಜೇಡ ವಾರಕ್ಕೊಮ್ಮೆ ಬಾಗಿಲಲ್ಲಿ ನಿಲ್ಲುತ್ತಿದ್ದ, ಸಾಹೇಬರು ಕೈಯಲ್ಲೇ ತಾಳು ಎನ್ನುತ್ತಿದ್ದರು. ಕಲ್ಲಿನಡಿಯಿಂದ ಕಾಗದದ ಒಂದು ಮೂಲೆ ಇಣುಕುತ್ತಿತ್ತು. ಮೊದಲು ಬಿಳಿ, ಆಮೇಲೆ ಹಳದಿ. ವರದಿಯಲ್ಲಿದ್ದ ಆ ಚಪ್ಪಟೆ ಬಲೆಯವನಿಗೆ ಎರಡು ವರ್ಷದ ವಿಸ್ತರಣೆ ಸಿಕ್ಕಿತು.

ಬೀಳ್ಕೊಡುಗೆಯ ದಿನ ಸಾಹೇಬರು ಗಂಟಲು ಗದ್ಗದ ಮಾಡಿಕೊಂಡು, ಎಲೆಮರೆಯ ಕಾಯಿಯಂತೆ ದುಡಿದ ಇಂಥವರಿಂದಲೇ ಸೇನೆ ನಿಂತಿದೆ ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರೂ ಸೇರಿ ತೆಗೆಸಿಕೊಂಡ ಫೋಟೋದಲ್ಲಿ ಸಾಹೇಬರ ಹಿಂದೆ ಜೇಡನ ಟೋಪಿ ಕಾಣುತ್ತದೆ.

ಕ್ವಾರ್ಟರ್ಸು ಬಿಡುವ ಬೆಳಿಗ್ಗೆ ಸಾಮಾನಿನ ಲಾರಿಯ ಮೇಲೆ ಹಗ್ಗ ಬಿಗಿದವನು ಅವನೇ. ಗಂಟು ಎಂದಿನಂತೆ ಅಚ್ಚುಕಟ್ಟು. ಮಗಳು ಬಿಳಿ ಸಮವಸ್ತ್ರವನ್ನು ಮಡಚಿ ಟ್ರಂಕಿನ ತಳದಲ್ಲಿಟ್ಟಿದ್ದಳು. "ತಂತಿ ಮೇಲಿಂದ ತೆಗೆದುಬಿಟ್ಟೆ ಅಪ್ಪಾ, ಇನ್ನು ಯಾರಿಗೂ ಕಾಣಲ್ಲ," ಅಂದಳು. ತಮಾಷೆಗೆಂದು ಶುರುಮಾಡಿದ ಮಾತು ಕೊನೆಗೆ ಹಾಗೆ ಉಳಿಯಲಿಲ್ಲ. ಹೆಂಡತಿ ತಂತಿಯನ್ನೂ ಬಿಚ್ಚಿ ಸುತ್ತಿಕೊಂಡಳು.

ಜೇಡ ಕೀಲಿ ಒಪ್ಪಿಸಲು ಕಚೇರಿಗೆ ಹೋದ. ಸಾಹೇಬರು ಇರಲಿಲ್ಲ, ಪಕ್ಕದ ತುಕಡಿಗೆ ಮರೆಮಾಚುವ ವಿದ್ಯೆಯ ಬಗ್ಗೆ ಉಪನ್ಯಾಸ ಕೊಡಲು ಹೋಗಿದ್ದರು. ಮೇಜಿನ ಮೇಲೆ ಕಲ್ಲಿತ್ತು. ಕಾಗದದ ಹಳದಿ ಮೂಲೆ ಇನ್ನೂ ಇಣುಕುತ್ತಿತ್ತು. ಅವನು ಅತ್ತಿತ್ತ ನೋಡಿ, ಇಪ್ಪತ್ತಾರು ವರ್ಷದ ಅಭ್ಯಾಸಬಲದಿಂದ, ಆ ಮೂಲೆಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದ. ಈಗ ಏನೂ ಕಾಣುತ್ತಿರಲಿಲ್ಲ. ಕೀಲಿಯನ್ನು ಕಲ್ಲಿನ ಪಕ್ಕದಲ್ಲಿಟ್ಟು ಹೊರಗೆ ಬಂದ.