ಚಿಣ್ಣಪ್ಪಣ್ಣನ ಹಿಂದೆ ಒಬ್ಬ

ಚಿಣ್ಣಪ್ಪಣ್ಣ ಓಡುವುದನ್ನು ಮೊದಲ ಸಲ ನೋಡಿದವರಿಗೆ ಅದು ಓಟವೆಂದು ಪಕ್ಕದವರು ಹೇಳಬೇಕಾಗುತ್ತಿತ್ತು. ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ತುಂಬಿದ ಹಾಲಿನ ಪಾತ್ರೆ ಹೊತ್ತವರಂತೆ ಮೈಯ ಮೇಲಿನ ಅರ್ಧವನ್ನು ಒಂದಿಷ್ಟೂ ಅಲುಗಿಸದೆ, ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದರು. ಮೊಣಕಾಲು ಮುಟ್ಟುವ ಖಾಕಿ ಚಡ್ಡಿ, ಸುಣ್ಣ ಬಳಿದು ಬಿಳಿ ಮಾಡಿದ ಕ್ಯಾನ್ವಾಸ್ ಶೂ. ತುಟಿ ಮಾತ್ರ ಬಿಡುವಿಲ್ಲದೆ ಅಲ್ಲಾಡುತ್ತಿತ್ತು. ಹತ್ತಿರ ಹೋದರೆ ಕೇಳಿಸುತ್ತಿತ್ತು: “ಅಕ್ಕಮ್ಮ, ಚೋಮಿ, ದೊಡ್ಡ ಮುತ್ತ, ಸಣ್ಣ ಮುತ್ತ, ಪಾಪು, ಕಾಳಿ...” ಹೆಜ್ಜೆಗೊಂದು ಹೆಸರು.

ಇದನ್ನು ಬರೆಯುವಾಗ ನನಗೂ ನಗು ಬರುತ್ತದೆ. ನನಗೆ ಸಿಟ್ಟಿರುವುದು ಆ ನಗುವಿನ ಮೇಲೆಯೇ.

ಅವರು ಮದೆನಾಡಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕರೆಯುವುದು, ಸಂಜೆ ಅಷ್ಟೂ ಜನ ತೋಟದಿಂದ ಹೊರಗೆ ಬಂದರೇ ಎಂದು ನೋಡುವುದು ಅವರ ಕೆಲಸ. ನಮ್ಮ ಮನೆ ಆ ತೋಟದ ಬೇಲಿಗೆ ಅಂಟಿಕೊಂಡಿತ್ತು. ನಾನು ಮಡಿಕೇರಿಯಲ್ಲಿ ಬಿ.ಎ. ಓದುತ್ತಿದ್ದೆ. ಅದಕ್ಕೇ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. “ಏ ಕಾಲೇಜು” ಎನ್ನುತ್ತಿದ್ದರು.

ಓಡುವಾಗ ಹಾಜರಿ ಯಾಕೆ ಕರೆಯುತ್ತೀರಿ ಎಂದು ಒಮ್ಮೆ ಕೇಳಿದ್ದೆ.

“ಒಬ್ಬನೇ ಓಡಿದ್ರೆ ಬೇಜಾರಲ್ವಾ ಮಾರಾಯ? ಹೆಸ್ರು ಕರೆದ್ರೆ ಜನ ಒಟ್ಟಿಗೆ ಬಂದ ಹಾಗೆ ಆಗ್ತದೆ.”

ಹಣ್ಣು ಕೊಯ್ಯುವ ಕಾಲದಲ್ಲಿ ಒಂದು ಸಂಜೆ ನಾನು ಅವರ ಜೊತೆ ರಸ್ತೆಯ ಬದಿಯಲ್ಲಿ ನಿಂತಿದ್ದೆ. ಆಳುಗಳನ್ನು ಅವರ ಲೈನು ಮನೆಗಳಿಗೆ ಕರೆದೊಯ್ಯುವ ಲಾರಿ ತುಂಬಿತ್ತು. ಕೆಳಗಿನ ಹೊಳೆಯ ಕಡೆ ಆನೆ ಬಂದಿದೆಯೆಂದು ಹೊರಡುವ ಅವಸರ ಎಲ್ಲರಿಗೂ. ತೋಟದ ಯಜಮಾನರು ಜೀಪಿನಲ್ಲಿ ಕುಳಿತು ಹಾರ್ನ್ ಒತ್ತುತ್ತಲೇ ಇದ್ದರು. ಚಿಣ್ಣಪ್ಪಣ್ಣ ಪುಸ್ತಕದಿಂದ ತಲೆ ಎತ್ತದೆ, “ಒಂದು ಆಳು ಬಾಕಿ ಉಂಟು” ಎಂದರು. ಯಜಮಾನರು ಬೈದರು. “ಬೈಯಿರಿ. ಆದ್ರೆ ಒಂದು ಆಳು ಬಾಕಿ ಉಂಟು” ಎಂದು ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಇಳಿಜಾರಿನಲ್ಲಿ ಇಳಿದು ಹೋದರು. ಕಾಲು ಗಂಟೆಯ ಮೇಲೆ ಮುದುಕಿ ಚೋಮಿಯ ಕೈ ಹಿಡಿದುಕೊಂಡು ಹತ್ತಿ ಬಂದರು. ಜ್ವರ ಬಂದು ಗಿಡದ ಬುಡದಲ್ಲಿ ಮಲಗಿಬಿಟ್ಟಿದ್ದಳಂತೆ. ಅವರು ಪುಸ್ತಕ ಈಸಿಕೊಂಡು ಗುರುತು ಹಾಕಿದರು. ಆಮೇಲೆಯೇ ಲಾರಿ ಹೊರಟಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಡಿಕೇರಿಯ ಕೆಲವರು ಸೇರಿ ಗಣರಾಜ್ಯದ ದಿನ ಒಂದು ರಸ್ತೆ ಓಟ ಶುರುಮಾಡಿದ್ದರು. ಮದೆನಾಡಿನಿಂದ ಮಡಿಕೇರಿಯ ಮೈದಾನಕ್ಕೆ, ಆರು ಮೈಲಿಗೆ ಸ್ವಲ್ಪ ಕಡಿಮೆ. ದಾರಿಯುದ್ದಕ್ಕೂ ಏರು. ಘಾಟಿ ಇಳಿದು ಮಂಗಳೂರಿಗೆ ಮರದ ದಿಮ್ಮಿ ಒಯ್ಯುವ ಲಾರಿಗಳನ್ನು ಆ ಬೆಳಿಗ್ಗೆ ಮಡಿಕೇರಿಯ ಹೊರಗೆ ತಡೆದು, ರಸ್ತೆಗೆ ಅಡ್ಡ ಬಿದಿರು ಕಟ್ಟುತ್ತಿದ್ದರು. ಅದಕ್ಕೆ ಗೇಟು ಎಂದು ಹೆಸರು. ಗೇಟಿನ ಕೆಳಗಿನ ತಿರುವುಗಳಲ್ಲಿ ಕೆಂಪು ಬಾವುಟ ಹಿಡಿದ ಸ್ವಯಂಸೇವಕರು ನಿಲ್ಲುತ್ತಿದ್ದರು.

ಚಿಣ್ಣಪ್ಪಣ್ಣ ಮೊದಲ ವರ್ಷದಿಂದಲೂ ಓಡಿದರು. ಪ್ರತಿ ವರ್ಷವೂ ಕೊನೆಯವರು. ಬಹುಮಾನ ಕೊಟ್ಟು ಮುಗಿದು, ಶಾಮಿಯಾನದ ಹಗ್ಗ ಬಿಚ್ಚುವಾಗ ಮೈದಾನಕ್ಕೆ ಬರುತ್ತಿದ್ದರು. ಬಂದವರು ಮುಗಿಸುವ ಗೆರೆಯನ್ನು ಹುಡುಕಿ, ಅಳಿಸಿಹೋಗಿದ್ದರೂ ಅದರ ಮೇಲೆಯೇ ಕಾಲಿಟ್ಟು ನಿಲ್ಲುತ್ತಿದ್ದರು. “ಗೆದ್ದವ ಮುಕ್ಕಾಲು ಗಂಟೆ ಓಡಿದ. ನಾನು ಒಂದೂವರೆ ಗಂಟೆ ಓಡಿದೆ. ಯಾರು ಜಾಸ್ತಿ ಓಡಿದ್ದು ಹೇಳು ನೋಡುವ?” ಎಂದು ನನ್ನನ್ನೇ ಕೇಳುತ್ತಿದ್ದರು.

ಗೇಟಿನವರು ಪ್ರತಿ ವರ್ಷ ಒಂದೇ ತಮಾಷೆ ಮಾಡುತ್ತಿದ್ದರು. “ಬಂದ್ರಪ್ಪ ರೈಲಿನ ಕೊನೇ ಗಾರ್ಡ್ ಡಬ್ಬಿ. ಹಿಂದೆ ಯಾರಾದ್ರೂ ಉಂಟಾ ಚಿಣ್ಣಪ್ಪಣ್ಣ?”

“ಉಂಟು ಉಂಟು, ನೂರು ಜನ ಬರ್ತಾ ಇದ್ದಾರೆ. ಗೇಟು ತೆಗಿಬೇಡಿ” ಎಂದು ಇವರು ಹೇಳುತ್ತಿದ್ದರು. ಎಲ್ಲರೂ ನಕ್ಕು ಬಿದಿರು ಎತ್ತುತ್ತಿದ್ದರು.

ಇದೇ ಓಟ ನಡೆಸುವವರ ವ್ಯವಸ್ಥೆ. ಹೊರಟವರೆಷ್ಟು, ಬಂದವರೆಷ್ಟು ಎಂಬ ಪಟ್ಟಿ ಯಾರ ಬಳಿಯೂ ಇರಲಿಲ್ಲ. ಚಿಣ್ಣಪ್ಪ ದಾಟಿದರೆ ಓಟ ಮುಗಿಯಿತು. ತಿರುವಿನವನು ಅವರು ದಾಟಿದ ಕೂಡಲೇ ಬಾವುಟ ಸುತ್ತಿ, ಒಳದಾರಿ ಹಿಡಿದು ಮೈದಾನದ ಉಪ್ಪಿಟ್ಟಿಗೆ ಹೋಗುವುದು. ಗೇಟಿನವನು ಬಿದಿರು ಎತ್ತುವುದು. ದಿನಾ ಎರಡು ಹೊತ್ತು ತಲೆ ಎಣಿಸುವ ಮನುಷ್ಯನನ್ನು ಎದುರಿಗಿಟ್ಟುಕೊಂಡು, ವಿದ್ಯಾವಂತರ ಒಂದು ಸಮಿತಿ ತಲೆ ಎಣಿಸುವ ಗೋಜಿಗೇ ಹೋಗಲಿಲ್ಲ.

ಚಿಣ್ಣಪ್ಪಣ್ಣನಿಗೆ ಒಂದೇ ಆಸೆಯಿತ್ತು. “ಒಂದು ವರ್ಷ ನನ್ನ ಹಿಂದೆ ಯಾರಾದ್ರೂ ಒಬ್ಬ ಇರ್ಬೇಕು. ನೂರು ಬೇಡ. ಒಬ್ಬ ಸಾಕು” ಎನ್ನುತ್ತಿದ್ದರು. ನಾನು ಕೊನೆಯ ವರ್ಷದ ಬಿ.ಎ.ಯಲ್ಲಿದ್ದಾಗ, “ನೀನು ಸೇರು ಕಾಲೇಜು. ಪುಸ್ತಕ ಹೊತ್ತು ಹೊತ್ತು ನಿನ್ನ ಕಾಲು ಸತ್ತಿರ್ತದೆ. ನಂಗೆ ಒಳ್ಳೇದು” ಎಂದರು. ಆ ಮಾತಿಗೆ ರೋಷ ಬಂದು ಸೇರಿಬಿಟ್ಟೆ.

ಮೊದಲ ಎರಡು ಮೈಲಿ ನಾನು ಮೂರ್ಖನಂತೆ ಓಡಿದೆ. ಮೂರನೆಯದರಲ್ಲಿ ಪಕ್ಕೆ ಹಿಡಿಯಿತು. ನಾಲ್ಕನೆಯದರಲ್ಲಿ ನಡೆಯುತ್ತಿದ್ದೆ. ಆಗ ಹಿಂದಿನಿಂದ ಕೇಳಿಸಿತು: “ಸಣ್ಣ ಮುತ್ತ, ಪಾಪು, ಕಾಳಿ...” ಅವರು ನನ್ನ ಸರಿಸಮಕ್ಕೆ ಬಂದರು. ಮುಖ ಕೆಂಪಾಗಿತ್ತು, ಕಣ್ಣು ಮಿನುಗುತ್ತಿತ್ತು.

“ಎಂಥ ಕಾಲೇಜು, ಕಾಲು ಬರುದಿಲ್ವಾ?”

“ನೀವು ಹೋಗಿ ಅಣ್ಣ.”

“ಹೋಗ್ತೇನೆ. ನಿಂಗೆ ಬೇಜಾರಿಲ್ಲ ಅಲ್ಲ?”

ಆ ಪ್ರಶ್ನೆಯನ್ನು ಅವರು ನಿಜವಾಗಿಯೇ ಕೇಳಿದ್ದರು. ಇಲ್ಲ ಎಂದೆ. ದಾಟಿ ಹೋದವರು ಎರಡು ಸಲ ತಿರುಗಿ ನೋಡಿದರು, ನಾನು ಹಿಂದೆಯೇ ಇದ್ದೇನೆಂದು ಖಚಿತಪಡಿಸಿಕೊಳ್ಳುವವರಂತೆ.

ಮುಂದಿನ ತಿರುವುಗಳಲ್ಲಿ ಯಾರೂ ಇರಲಿಲ್ಲ. ಉಪ್ಪಿಟ್ಟಿಗೆ ಹೋದರೆಂದು ತಿಳಿದು ನನಗೆ ಹಸಿವಾಯಿತೇ ಹೊರತು ಹೆದರಿಕೆಯಾಗಲಿಲ್ಲ. ರಸ್ತೆ ಬಂದ್ ಎಂದಿದ್ದರಲ್ಲ, ನಡು ರಸ್ತೆಯಲ್ಲಿ ತಲೆ ತಗ್ಗಿಸಿ ನಡೆದೆ.

ಗೇಟಿನ ಬಳಿ ಏನಾಯಿತೆಂಬುದು ಆಮೇಲೆ ಅಲ್ಲಿಯ ಚಹಾದಂಗಡಿಯವನಿಂದ ತಿಳಿಯಿತು. ಚಿಣ್ಣಪ್ಪಣ್ಣ ಬಿದಿರು ದಾಟಿದರು. ಗೇಟಿನವರು ಯಥಾಪ್ರಕಾರ, “ಹಿಂದೆ ಯಾರಾದ್ರೂ ಉಂಟಾ?” ಎಂದು ಕೇಳಿದರು.

“ಒಂದು ಆಳು ಬಾಕಿ ಉಂಟು. ಗೇಟು ತೆಗಿಬೇಡಿ.”

“ಈ ಸಲ ನೂರರಿಂದ ಒಂದಕ್ಕೆ ಇಳಿದ್ರಲ್ಲ!”

“ತಮಾಷೆ ಅಲ್ಲ ಮಾರಾಯ್ರೆ. ಆ ಕಾಲೇಜು ಹುಡುಗ. ಅವ ನಡೀತಾ ಇದ್ದಾನೆ.”

ಅವರು ಹೇಳಿದಷ್ಟೂ ಗೇಟಿನವರಿಗೆ ನಗು ಹೆಚ್ಚಿತು. ಲಾರಿಯವರು ಬೆಳಗಿನಿಂದ ಕಾದು ಬೇಸತ್ತು ಹಾರ್ನ್ ಹೊಡೆಯುತ್ತಿದ್ದರು. ಬಿದಿರು ಮೇಲೆದ್ದಿತು. ಮುಂದಿನ ಲಾರಿಯ ಡ್ರೈವರ್ ಚಹಾ ಮುಗಿಸಿ ಹತ್ತಿ ಕೂರುತ್ತಿದ್ದ. ಚಿಣ್ಣಪ್ಪಣ್ಣ ಅವನ ಎದುರು ಕೈ ಅಡ್ಡ ಹಿಡಿದರು. ಅವನೂ ನಕ್ಕು ಪಕ್ಕಕ್ಕೆ ಸರಿಯೆಂದು ಕೈ ಬೀಸಿದ. ಆಗ ಚಿಣ್ಣಪ್ಪಣ್ಣ ತಿರುಗಿ ಕೆಳಗೆ ಓಡತೊಡಗಿದರು. ಮೈದಾನ ಅಲ್ಲಿಂದ ಒಂದು ಮೈಲಿಯೂ ಇರಲಿಲ್ಲ.

ಎಣ್ಣೆ ಉಳಿಸಲು ಈ ಲಾರಿಗಳು ಎಂಜಿನ್ ನಿಲ್ಲಿಸಿ ಘಾಟಿ ಇಳಿಯುತ್ತಿದ್ದವು. ಸದ್ದೇ ಬರುವುದಿಲ್ಲ. ತಿರುವಿನಲ್ಲಿ ನನಗೆ ಮೊದಲು ಕಂಡದ್ದು ಚಿಣ್ಣಪ್ಪಣ್ಣ. ಆ ಹಾಲಿನ ಪಾತ್ರೆಯ ಓಟವೇ ಅಲ್ಲ ಅದು. ಕೈ ಎತ್ತೆತ್ತಿ ಎಸೆಯುತ್ತ, ಬಾಯಿ ತೆರೆದುಕೊಂಡು, ಮಾರುದ್ದದ ಹೆಜ್ಜೆ ಹಾಕುತ್ತ ಬರುತ್ತಿದ್ದರು. “ಚರಂಡಿಗೆ ಹಾರು! ಚರಂಡಿಗೆ!”

ನಾನು ನಕ್ಕೆ. ಗೆದ್ದ ಖುಷಿಯಲ್ಲಿ ನನ್ನನ್ನು ಹಂಗಿಸಲು ವಾಪಸು ಬಂದರೆಂದುಕೊಂಡೆ. ನಿಂತು, ಸೊಂಟಕ್ಕೆ ಕೈಯಿಟ್ಟು ನಕ್ಕೆ.

ಅವರ ಬೆನ್ನ ಹಿಂದೆ ದಿಮ್ಮಿಗಳ ರಾಶಿ ಮೌನವಾಗಿ ತಿರುವು ಹೊರಳಿತು. ಬ್ರೇಕು ಕಿರುಚಿತು. ಅವರ ಹೆಗಲು ನನ್ನ ಎದೆಗೆ ಬಡಿದದ್ದು, ಚರಂಡಿಯ ಕಲ್ಲು, ರಬ್ಬರ್ ಸುಟ್ಟ ವಾಸನೆ ಇಷ್ಟು ಗೊತ್ತು. ನಾನು ಪೂರ್ತಿ ಒಳಗೆ ಬಿದ್ದಿದ್ದೆ. ಅವರ ಬಲಗಾಲು ರಸ್ತೆಯ ಮೇಲೇ ಉಳಿದಿತ್ತು. ಹಿಂದಿನ ಚಕ್ರ ಅದರ ಮೇಲೆ ಹಾದುಹೋಯಿತು.

ಅವರು ಹಾರು ಎಂದಾಗ ನಮ್ಮ ನಡುವೆ ಹನ್ನೆರಡು ಹೆಜ್ಜೆ ಇತ್ತು. ನಾನು ಆಗಲೇ ಹಾರಿದ್ದರೆ ಅವರೂ ಹಾರುತ್ತಿದ್ದರು. ಇಷ್ಟು ವರ್ಷಗಳಲ್ಲಿ ಈ ಹನ್ನೆರಡು ಹೆಜ್ಜೆಯನ್ನು ಎಷ್ಟು ಸಲ ಎಣಿಸಿದ್ದೇನೋ ತಿಳಿಯದು. ಈಗಲೂ ಇಳಿಜಾರಿನಲ್ಲಿ ನಡೆಯುವಾಗ ಹಿಂದೆ ಸದ್ದಿಲ್ಲದಿದ್ದರೆ ತಿರುಗಿ ನೋಡುತ್ತೇನೆ.

ಮರುದಿನ ಸಮಿತಿಯ ಫಲಿತಾಂಶ ಹಲಗೆಗೆ ಅಂಟಿತ್ತು. ಕೊನೆಯ ಸಾಲು: “ಓಟ ಬಿಟ್ಟವರು, ಇಬ್ಬರು.” ನಾನು ಕಾರ್ಯದರ್ಶಿಯ ಮನೆಗೆ ಹೋದೆ. ಅವರು ವಕೀಲರು, ಮೆತ್ತಗೆ ಮಾತಾಡುವವರು.

“ಚಿಣ್ಣಪ್ಪಣ್ಣ ಓಟ ಬಿಟ್ಟವರಲ್ಲ ಸರ್. ಗೇಟು ಯಾರು ತೆಗೆದರು ಎಂದು ಬರೆಯಿರಿ.”

“ಕೂತ್ಕೊ ತಮ್ಮ. ನೋಡು, ಹಿಂದಕ್ಕೆ ಓಡಿದವನಿಗೆ ಯಾವ ಸ್ಥಾನ ಕೊಡೋದು? ನಿಯಮ ಅಂತ ಒಂದಿದೆಯಲ್ವಾ?”

“ಹೊರಟವರ ಪಟ್ಟಿ ತೋರಿಸಿ. ನನ್ನ ಹೆಸರು ಎಲ್ಲಿದೆ?”

“ಪಟ್ಟಿ ಯಾಕಪ್ಪ ಬೇಕು? ಅವ ಬಂದ ಅಂದ್ರೆ ಎಲ್ಲಾ ಬಂದ ಹಾಗೆ. ಇಷ್ಟು ವರ್ಷ ಹಾಗೇ ನಡೆದದ್ದು. ಅವನೂ ಪ್ರತಿ ವರ್ಷ ನೂರು ಜನ ಇದ್ದಾರೆ ಅಂತ ಹೇಳಿ ಹೇಳಿ ನಮ್ಮ ಹುಡುಗರನ್ನ ಕೆಡಿಸಿದ. ತಪ್ಪು ಒಂದೇ ಕಡೆ ಇಲ್ಲ, ತಿಳ್ಕೊ.”

ನಾನು ಕೂಗಾಡಿದೆ. ಏನೆಂದೆನೋ ನೆನಪಿಲ್ಲ. ಅವರ ಹೆಂಡತಿ ಕಾಫಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು. ಆ ಸಾಲು ಹಲಗೆಯ ಮೇಲೆ ಮಳೆಗಾಲದವರೆಗೂ ಇತ್ತು. ಮರುವರ್ಷ ಓಟ ಮತ್ತೆ ನಡೆಯಿತು. ಅಷ್ಟರಲ್ಲಿ ಚಿಣ್ಣಪ್ಪಣ್ಣ ತೀರಿಕೊಂಡಿದ್ದರು. ಶುರುವಾಗುವ ಮುಂಚೆ ಎರಡು ನಿಮಿಷ ಮೌನ ಆಚರಿಸಿ, “ನಮ್ಮನ್ನೆಲ್ಲ ನಗಿಸಿದ ಚೇತನ” ಎಂದು ಭಾಷಣ ಮಾಡಿದರು. ಪಟ್ಟಿ ಆಗಲೂ ಇರಲಿಲ್ಲ. ನಾನು ಹೋಗಿ ಕೇಳಿ ನೋಡಿದೆ.

ಓಟದ ದಿನವೇ ಚಿಣ್ಣಪ್ಪಣ್ಣನ ಪಾದವನ್ನು ಆಸ್ಪತ್ರೆಯಲ್ಲಿ ತೆಗೆದಿದ್ದರು. ಗಾಯ ಮಾಯಲಿಲ್ಲ, ಕೀವು ಮೇಲೇರಿತು. ತೋಟಕ್ಕೆ ಬೇರೆ ರೈಟರ್ ಬಂದ. ಸುಳ್ಯದ ಕಡೆಯ ತಂಗಿಯ ಮನೆಗೆ ಅವರು ಹೊರಡುವ ಮುಂಚಿನ ದಿನ ನಾನು ನೋಡಲು ಹೋದೆ. ಮಂಚದ ಮೇಲೆ ಗೋಡೆಗೆ ಒರಗಿದ್ದರು. ನಾನು ಸಮಿತಿಯವರನ್ನು ಒಬ್ಬೊಬ್ಬರನ್ನಾಗಿ ಬೈದೆ. ಕ್ಷಮೆ ಕೇಳಲು ಬಾಯಿ ತೆರೆದೆ.

“ಅದು ಇರ್ಲಿ. ಒಂದು ಕೇಳ್ತೇನೆ, ಸರಿಯಾಗಿ ಹೇಳ್ಬೇಕು” ಎಂದರು. “ನಾನು ಗೇಟು ದಾಟುವಾಗ ನೀನು ಎಷ್ಟು ಹಿಂದೆ ಇದ್ದೆ?”

“ಮೂರು ಫರ್ಲಾಂಗು ಅಣ್ಣ.”

ಅವರು ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸಿದರು. ತಿರುವು, ಮೋರಿ, ಅಲ್ಲಿ ನಿಂತು ಮಾತಾಡಿದ ಹೊತ್ತು, ಎಲ್ಲವನ್ನೂ ಕೂಡಿ ಕಳೆದರು.

“ಮೂರು ಇರ್ಲಿಕ್ಕಿಲ್ಲ” ಎಂದರು ಕಡೆಗೆ. “ಮೂರು ಇದ್ದಿದ್ರೆ ನಾನು ಬಂದು ಮುಟ್ತಿರ್ಲಿಲ್ಲ. ಎರಡು.” ಸ್ವಲ್ಪ ಹೊತ್ತು ಆ ಅಂತರವನ್ನೇ ನೋಡುವವರಂತೆ ಕಿಟಕಿಯ ಕಡೆ ನೋಡಿದರು. “ಎರಡೂ ಕಡಿಮೆಯೇನಲ್ಲ ಅಲ್ವಾ ಕಾಲೇಜು?”

“ಕಡಿಮೆಯಲ್ಲ ಅಣ್ಣ” ಎಂದೆ.